5 ಕಿ.ಮೀ. ಬಫರ್ ಹಾಕಿದರೆ ನಕ್ಷೆಯೇ ಮುಚ್ಚಿಹೋಗುತ್ತಿದೆ, ಎಲ್ಲಿ ತಪ್ಪಿದ್ದೇನೆ?

ಹೊಸಪದರ:

ಎಲ್ಲರಿಗೂ ನಮಸ್ಕಾರ. ಎರಡು ದಿನದಿಂದ ಒಂದೇ ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ನಕ್ಷೆ ತಯಾರಿಸುವ ತಂತ್ರಾಂಶ ಕ್ಯೂಜಿಐಎಸ್ ಕಲಿಯಲು ಶುರುಮಾಡಿ ಒಂದು ತಿಂಗಳಾಯಿತು. ಅಭ್ಯಾಸಕ್ಕೆಂದು ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ನಲವತ್ತು ಗ್ರಂಥಾಲಯಗಳ ಬಿಂದುಗಳನ್ನು ಇಳಿಸಿಕೊಂಡಿದ್ದೇನೆ. ಎಲ್ಲವೂ ಉತ್ತರ ಅಕ್ಷಾಂಶ 61ರ ಆಸುಪಾಸು, ಪೂರ್ವ ರೇಖಾಂಶ 21ರಿಂದ 23ರ ನಡುವೆ ಇವೆ. ಪ್ರತಿಯೊಂದರ ಸುತ್ತ 5 ಕಿ.ಮೀ. ವೃತ್ತ ಎಳೆದು, ಯಾವ ಜಾಗ ಹೊರಗುಳಿಯುತ್ತದೆ ಎಂದು ನೋಡಬೇಕು.

ಮೊದಲು ಬಫರ್‌ನಲ್ಲಿ, ಅಂದರೆ ಬಿಂದುವಿನ ಸುತ್ತ ವೃತ್ತ ಎಳೆಯುವ ಸಾಧನದಲ್ಲಿ, 5 ಎಂದು ಕೊಟ್ಟೆ. ಇಡೀ ಪರದೆ ಒಂದೇ ಬಣ್ಣ. ಆಮೇಲೆ ನೋಡಿದರೆ ಪಕ್ಕದಲ್ಲಿ ‘ಡಿಗ್ರಿ’ ಎಂದಿತ್ತು. ಸರಿ, ‘ಸೆಟ್ ಲೇಯರ್ ಸಿಆರ್‌ಎಸ್’ಗೆ (ಸಿಆರ್‌ಎಸ್ ಎಂದರೆ ನಿರ್ದೇಶಾಂಕ ಪದ್ಧತಿ) ಹೋಗಿ, ಮೀಟರ್ ಲೆಕ್ಕದ 3857 ಆರಿಸಿ 5000 ಕೊಟ್ಟೆ. ಬಿಂದುಗಳೇ ಮಾಯ! ಹುಡುಕಿದರೆ ಆಫ್ರಿಕಾದ ಪಶ್ಚಿಮಕ್ಕೆ, ಸಮುದ್ರದ ನಡುವೆ ಎಲ್ಲ ಒಂದೇ ಕಡೆ ಗುಡ್ಡೆಬಿದ್ದಿವೆ. ಕೊನೆಗೆ ಹಿಂದಿರುಗಿ 0.045 ಡಿಗ್ರಿ ಕೊಟ್ಟರೆ ವೃತ್ತದ ಬದಲು ನಿಲ್ಲಿಸಿಟ್ಟ ಮೊಟ್ಟೆಯ ಆಕಾರ ಬರುತ್ತಿದೆ. ಪರದೆಯ ಕೆಳಗಿನ ಪಟ್ಟಿಯಲ್ಲಿ 3857 ಎಂದೇ ಇದೆ. ಹಾಗಿದ್ದರೆ ಮೀಟರ್ ಆಗಬೇಕಲ್ಲವೇ?

ರೇಖಾಂಶ:

ನಿಮ್ಮ ಮೂರು ಪ್ರಯತ್ನಗಳನ್ನೂ ನಾನು ಇದೇ ಕ್ರಮದಲ್ಲಿ ಮಾಡಿದ್ದೇನೆ, ಹಾಗಾಗಿ ಒಂದೊಂದನ್ನೇ ಹೇಳುತ್ತೇನೆ.

ಕೆಳಗಿನ ಪಟ್ಟಿಯಲ್ಲಿರುವುದು ಪ್ರಾಜೆಕ್ಟ್‌ನ ಸಿಆರ್‌ಎಸ್. ಅದು ತೋರಿಸುವುದಕ್ಕೆ ಮಾತ್ರ. ಲೇಯರ್‌ಗೆ, ಅಂದರೆ ನಿಮ್ಮ ಬಿಂದುಗಳ ಪದರಕ್ಕೆ, ತನ್ನದೇ ಬೇರೆ ಸಿಆರ್‌ಎಸ್ ಇರುತ್ತದೆ, ನಿಮ್ಮದು 4326, ಅಂದರೆ ಅಕ್ಷಾಂಶ ರೇಖಾಂಶ. ಬಫರ್ ಕೇಳುವುದು ಲೇಯರ್‌ನ ಮಾತನ್ನು. ಒಂದು ಡಿಗ್ರಿ ಅಕ್ಷಾಂಶ ಸುಮಾರು 111 ಕಿ.ಮೀ., ಹಾಗಾಗಿ ನಿಮ್ಮ ‘5’ ಉತ್ತರ-ದಕ್ಷಿಣವಾಗಿ 555 ಕಿ.ಮೀ. ಆಯಿತು.

ಬಿಂದುಗಳು ಸಮುದ್ರಕ್ಕೆ ಹೋದದ್ದು ಹೇಗೆಂದರೆ, ‘ಸೆಟ್ ಲೇಯರ್ ಸಿಆರ್‌ಎಸ್’ ಅಂಕಿಗಳನ್ನು ಮುಟ್ಟುವುದೇ ಇಲ್ಲ, ಹೆಸರುಚೀಟಿಯನ್ನಷ್ಟೇ ಬದಲಿಸುತ್ತದೆ. ಹತ್ತು ಮೊಳ ಬಟ್ಟೆಗೆ ಹತ್ತು ಗಜ ಎಂದು ಚೀಟಿ ಅಂಟಿಸಿದರೆ ಬಟ್ಟೆ ಉದ್ದವಾಗುವುದಿಲ್ಲವಲ್ಲ. 22 ಡಿಗ್ರಿ ಪೂರ್ವ, 61 ಡಿಗ್ರಿ ಉತ್ತರ ಎಂಬುದನ್ನು ಅದು 22 ಮೀಟರ್, 61 ಮೀಟರ್ ಎಂದು ಓದಿತು. ಸಮಭಾಜಕ ವೃತ್ತವೂ ಸೊನ್ನೆ ರೇಖಾಂಶವೂ ಸೇರುವ ಜಾಗದಿಂದ ಅಷ್ಟೇ ದೂರ. ಆ ಲೆಕ್ಕದಲ್ಲಿ ಇಡೀ ಭೂಮಿ 360 ಮೀಟರ್ ಅಗಲ, 180 ಮೀಟರ್ ಎತ್ತರದ ಒಂದು ಮೈದಾನ! ಚೀಟಿಯನ್ನು ಮೊದಲು 4326ಕ್ಕೆ ವಾಪಸ್ ಹಾಕಿ, ಏನೂ ಕೆಟ್ಟಿಲ್ಲ. ಅಂಕಿಗಳನ್ನೇ ಪರಿವರ್ತಿಸಲು ಬೇಕಾದದ್ದು ಪ್ರೊಸೆಸಿಂಗ್ ಟೂಲ್‌ಬಾಕ್ಸ್‌ನ ‘ರೀಪ್ರಾಜೆಕ್ಟ್ ಲೇಯರ್’.

ಆದರೆ ದಯವಿಟ್ಟು 3857ಕ್ಕೆ ಪರಿವರ್ತಿಸಬೇಡಿ. ಈ ಮಾತು ಒತ್ತಿ ಹೇಳಲು ಕಾರಣವಿದೆ. ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನು 3857ರಲ್ಲೇ ಬಫರ್ ಹಾಕಿ, ನಕ್ಷೆಯನ್ನು ದೊಡ್ಡ ಹಾಳೆಯಲ್ಲಿ ಮುದ್ರಿಸಿ ಸಭೆಗೆ ಕೊಟ್ಟಿದ್ದೆ. ವೃತ್ತಗಳು ದುಂಡಗೆ, ಚೊಕ್ಕವಾಗಿ ಕಾಣುತ್ತಿದ್ದವು, ಯಾರಿಗೂ ಅನುಮಾನ ಬರಲಿಲ್ಲ. ಮೂರು ವಾರದ ಮೇಲೆ ಬೇರೆ ಕೆಲಸಕ್ಕೆ ಅಳೆಯುವಾಗ ಗೊತ್ತಾಯಿತು, ತ್ರಿಜ್ಯ ಬೇಕಾದುದರ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚಿತ್ತು. ಅಷ್ಟರಲ್ಲಿ ಆ ನಕ್ಷೆ ನೋಡಿ ನಿರ್ಧಾರವೂ ಆಗಿಹೋಗಿತ್ತು. ಅಂದಿನಿಂದ ಬಫರ್ ಹಾಕಿದ ತಕ್ಷಣ ಅಳತೆ ಪಟ್ಟಿ ಹಿಡಿದು ಒಂದು ವೃತ್ತವನ್ನಾದರೂ ಅಳೆಯದೆ ಫೈಲ್ ಮುಚ್ಚುವುದಿಲ್ಲ.

3857, ಅಂದರೆ ವೆಬ್ ಮರ್ಕೇಟರ್, ಧ್ರುವದತ್ತ ಹೋದಂತೆ ಎಲ್ಲವನ್ನೂ ಹಿಗ್ಗಿಸುತ್ತದೆ. 60 ಡಿಗ್ರಿಯಲ್ಲಿ ಎರಡು ಪಟ್ಟು. ನಿಮ್ಮ 61ರಲ್ಲಿ 5000 ಎಂದು ಕೊಟ್ಟರೆ ನೆಲದ ಮೇಲೆ ಸಿಗುವುದು ಸುಮಾರು 2.4 ಕಿ.ಮೀ. ನಿಮ್ಮ ಮೊಟ್ಟೆಗೂ ಇದೇ ಮೂಲ: ಅಲ್ಲಿ ಒಂದು ಡಿಗ್ರಿ ರೇಖಾಂಶ 54 ಕಿ.ಮೀ. ಮಾತ್ರ, ಹಾಗಾಗಿ 0.045 ಡಿಗ್ರಿ ಉತ್ತರ-ದಕ್ಷಿಣಕ್ಕೆ 5 ಕಿ.ಮೀ. ಇದ್ದರೂ ಪೂರ್ವ-ಪಶ್ಚಿಮಕ್ಕೆ 2.4. ಮೊಟ್ಟೆಯಾದರೂ ತಪ್ಪಾಗಿದೆ ಎಂದು ಕಣ್ಣಿಗೆ ಹೇಳುತ್ತದೆ, 3857ರ ದುಂಡು ವೃತ್ತ ಅದನ್ನೂ ಹೇಳುವುದಿಲ್ಲ.

ನಿಮಗೆ ಬೇಕಾದದ್ದು ಯುಟಿಎಂ, ಮೀಟರ್‌ನಲ್ಲಿ ಅಳೆಯುವ ಇನ್ನೊಂದು ಸಿಆರ್‌ಎಸ್. ಭೂಮಿಯನ್ನು 6 ಡಿಗ್ರಿ ಅಗಲದ 60 ವಲಯಗಳಾಗಿ ಸೀಳಿದ್ದಾರೆ. 18ರಿಂದ 24 ಡಿಗ್ರಿ ಪೂರ್ವದ್ದು 34ನೇ ವಲಯ, ಉತ್ತರಾರ್ಧಕ್ಕೆ ಅದರ ಇಪಿಎಸ್‌ಜಿ ಸಂಖ್ಯೆ (3857, 4326ರಂತೆ ಸಿಆರ್‌ಎಸ್‌ನ ಗುರುತು) 32634. ನಿಮ್ಮ ಬಿಂದುಗಳೆಲ್ಲ ಅದರೊಳಗೇ ಇವೆ. ಅದಕ್ಕೆ ರೀಪ್ರಾಜೆಕ್ಟ್ ಮಾಡಿ, 5000 ಕೊಡಿ. ಜಿಯೋಪ್ಯಾಕೇಜ್ ಎಂಬ ಫೈಲ್ ಮಾದರಿಯಲ್ಲಿ ಉಳಿಸಿಕೊಳ್ಳಿ. ಇನ್ನೊಂದು ಮಾದರಿಯಾದ ಶೇಪ್‌ಫೈಲ್ ಕಾಲಂ ಹೆಸರುಗಳನ್ನು ಹತ್ತಕ್ಷರಕ್ಕೆ ಕತ್ತರಿಸಿ, ಯಾವುದು ಯಾವುದೆಂದು ತಿಳಿಯದ ಹಾಗೆ ಮಾಡುತ್ತದೆ.

ಕಡತ:

ಮೇಲಿನ ಉತ್ತರಕ್ಕೆ ಒಂದು ಸೇರ್ಪಡೆ. ಬಿಂದುಗಳು ಹಲವು ವಲಯಗಳಲ್ಲಿ ಹರಡಿದ್ದರೆ ಒಂದೇ ಯುಟಿಎಂ ಸಾಲದು. ಆಗ ನಕ್ಷೆ ದತ್ತಾಂಶದ ಡೇಟಾಬೇಸ್ ಸಾಧನ ಪೋಸ್ಟ್‌ಜಿಐಎಸ್‌ನಲ್ಲಿ ಕಾಲಂ ಅನ್ನು ಜಿಯಾಗ್ರಫಿ ಬಗೆಯಲ್ಲಿ ಇಟ್ಟರೆ ದೂರವನ್ನು ನೇರ ಮೀಟರ್‌ನಲ್ಲೇ ಕೊಡಬಹುದು. ನಲವತ್ತು ಬಿಂದುಗಳಿಗೆ ಅಷ್ಟೆಲ್ಲ ಬೇಡ.

ಹೊಸಪದರ:

ರೇಖಾಂಶ ಅವರೇ, ತುಂಬಾ ಧನ್ಯವಾದ. 32634 ಕೆಲಸ ಮಾಡಿತು, ವೃತ್ತಗಳು ಇದ್ದಲ್ಲೇ ಇವೆ. ನೀವು ಹೇಳಿದ ಹಾಗೆ ಅಳೆದೆ. ಅದರಲ್ಲೇ ಹೊಸ ಅನುಮಾನ ಹುಟ್ಟಿದೆ. ಒಂದೇ ವೃತ್ತ, ಒಂದು ಕಡೆ 5002 ಮೀಟರ್, ಸ್ವಲ್ಪ ಪಕ್ಕಕ್ಕೆ ಸರಿದರೆ 4940. ಯಾಕೆ?

ರೇಖಾಂಶ:

ಅಳೆದಿರಲ್ಲ, ಅದೇ ಬಹಳ ಖುಷಿ!

ಹೆಚ್ಚಿನ 2 ಮೀಟರ್ ಯುಟಿಎಂನದೇ. ವಲಯದ ನಡುರೇಖೆಯ ಮೇಲೆ ಅದು ಅಳತೆಯನ್ನು ಬೇಕೆಂದೇ 0.9996ಕ್ಕೆ ಕುಗ್ಗಿಸುತ್ತದೆ, ಅಂಚಿನಲ್ಲಿ ಹಿಗ್ಗುವುದನ್ನು ಸರಿದೂಗಿಸಲು. ನಿಮ್ಮ ನಡುರೇಖೆ 21 ಡಿಗ್ರಿ, ಅದರ ಹತ್ತಿರದ ಬಿಂದುವನ್ನೇ ಅಳೆದಿರಬೇಕು.

4940 ಬೇರೆ ಕಥೆ. ವೃತ್ತದ ಅಂಚನ್ನು ಜೂಮ್ ಮಾಡಿ ನೋಡಿ, ಅದು ವೃತ್ತವೇ ಅಲ್ಲ, ಇಪ್ಪತ್ತು ಬದಿಗಳ ಬಹುಭುಜ. ಬಫರ್ ಕಿಟಕಿಯಲ್ಲಿ ‘ಸೆಗ್ಮೆಂಟ್ಸ್’ ಎಂಬಲ್ಲಿ 5 ಎಂದಿರುತ್ತದೆ, ಅಂದರೆ ಕಾಲು ವೃತ್ತಕ್ಕೆ ಐದು ಗೆರೆ. ಮೂಲೆಯಲ್ಲಿ ದೂರ ಸರಿಯಾಗಿರುತ್ತದೆ, ಗೆರೆಯ ನಡುವೆ 60 ಮೀಟರ್ ಒಳಗೆ ಬೀಳುತ್ತದೆ. 30 ಎಂದು ಕೊಡಿ, ಕೊರತೆ ಎರಡು ಮೀಟರ್‌ಗಿಂತ ಕಡಿಮೆಯಾಗುತ್ತದೆ.

ಹೊಸಪದರ:

30 ಕೊಟ್ಟೆ. ಈಗ ಎಲ್ಲಿ ಅಳೆದರೂ 5000 ಮತ್ತು 5002ರ ನಡುವೆ ಬರುತ್ತಿದೆ. ಎರಡು ವೃತ್ತಗಳ ನಡುವೆ ಖಾಲಿ ಕಾಣುತ್ತಿದ್ದ ಒಂದು ಸಣ್ಣ ಸೀಳು ಮುಚ್ಚಿಕೊಂಡಿತು, ಅದರೊಳಗೆ ಮೂರು ಮನೆಗಳಿದ್ದವು.