ವರ್ಟಿಕಲ್ ಚಾನಲ್ ಹಾಕಿದ್ರೆ ಡಿಶ್ ಮೋಟರ್ ನಿಧಾನ, ಸ್ಪೀಡ್ ಎಷ್ಟಿಡಬೇಕು?

ಮಾಲೂರ್ ಹುಡುಗ:
ಮಿದ್ದೆ ಮೇಲೆ 90 ಸೆಂಟಿಮೀಟರ್ ಡಿಶ್‌ಗೆ ಡೈಸೆಕ್ ಮೋಟರ್ (ರಿಸೀವರ್ ಹೇಳಿದ ಕಡೆ ಡಿಶ್ ತಿರುಗಿಸೋದು) ಹಾಕಿದೀನಿ, ರಿಸೀವರ್ ಲಿನಕ್ಸ್ ಬಾಕ್ಸು, ಯೂಸಾಲ್ಸ್ (ನಮ್ ಜಾಗದ ಅಕ್ಷಾಂಶ, ರೇಖಾಂಶ ಕೊಟ್ರೆ ಡಿಶ್ ಎಷ್ಟು ತಿರುಗ್ಬೇಕು ಅಂತ ರಿಸೀವರೇ ಲೆಕ್ಕ ಹಾಕೋದು) ಆನ್ ಇದೆ. 78.5 ಡಿಗ್ರಿ ಪೂರ್ವದ ಸ್ಯಾಟಲೈಟಿಂದ 93.5ರದ್ದಕ್ಕೆ ಬಂದು ಫ್ರೀ ಡಿಶ್‌ದು 11090 ಫ್ರೀಕ್ವೆನ್ಸಿ, ವರ್ಟಿಕಲ್ (ಸಿಗ್ನಲ್ ಅಲೆ ನಿಂತಿರೋದು, ಹಾರಿಜಾಂಟಲ್ ಅಂದ್ರೆ ಅಡ್ಡ) ಚಾನಲ್ ಹಾಕಿದ್ರೆ ಡಿಶ್ ಇನ್ನೂ ತಿರುಗ್ತಾನೇ ಇರತ್ತೆ, ಅಷ್ಟರಲ್ಲೇ ಸಿಗ್ನಲ್ ಇಲ್ಲ ಅಂತ ಬಂದ್ಬಿಡತ್ತೆ. ಹಾರಿಜಾಂಟಲ್ ಚಾನಲ್‌ಗೆ ಹೋಗ್ವಾಗ ಈ ಕಾಟ ಇಲ್ಲ. ಮೆನುನಲ್ಲಿ ಎರಡಕ್ಕೂ ಬೇರೆಬೇರೆ ಸ್ಪೀಡ್ ಇದೆ, ಎರಡೂ ಜಾಸ್ತಿ ಮಾಡ್ದೆ, ಮೋಟರ್ ಒಂಚೂರೂ ಜೋರಾಗ್ಲಿಲ್ಲ, ಮೆಸೇಜ್ ಮಾತ್ರ ಇನ್ನೂ ಬೇಗ ಬರ್ತಿದೆ! ಆಮೇಲೆ ಸ್ಯಾಟಲೈಟ್ ಬದಲಾದಾಗೆಲ್ಲ ಡಿಶ್ ಮುಂದೆ ಸಿಗ್ನಲ್ ಹಿಡಿಯೋ ಎಲ್‌ಎನ್‌ಬಿನೂ ತಿರುಗಿಸ್ಬೇಕಾ?

ಡಿಶ್ ಅಣ್ಣ, ಕೋಲಾರ:
ಗುರು ಆ ನಂಬರ್ ಮೋಟರ್‌ಗೆ ಹೋಗೋದೇ ಇಲ್ಲ. ಮೋಟರ್ ಸೆಕೆಂಡಿಗೆ ಎಷ್ಟು ಡಿಗ್ರಿ ತಿರುಗತ್ತೆ ಅಂತ ನೀನು ರಿಸೀವರ್‌ಗೆ ಹೇಳೋದು ಅಷ್ಟೇ, ಅದು ಅದ್ರ ಮೇಲೆ ಎಷ್ಟೊತ್ತು ಕಾಯ್ಬೇಕು ಅಂತ ಲೆಕ್ಕ ಹಾಕೊಳತ್ತೆ, ನೀನು ಜಾಸ್ತಿ ಮಾಡಿದ್ರೆ ಕಾಯೋದು ಕಮ್ಮಿ ಆಗತ್ತೆ. ನಿಜವಾದ ಸ್ಪೀಡ್ ಬರೋದು ಕೇಬಲ್‌ನಲ್ಲಿ ಹೋಗೋ ವೋಲ್ಟೇಜಿಂದ: ವರ್ಟಿಕಲ್‌ಗೆ 13, ಹಾರಿಜಾಂಟಲ್‌ಗೆ 18, ಅದೇ ಕರೆಂಟಲ್ಲೇ ಮೋಟರೂ ಓಡ್ಬೇಕಲ್ಲ, 13ರಲ್ಲಿ ನಿಧಾನ ಆಗೇ ಆಗತ್ತೆ. ಮೊಬೈಲ್‌ನಲ್ಲಿ ಸ್ಟಾಪ್‌ವಾಚ್ ಹಿಡ್ಕೊಂಡು ಎರಡನ್ನೂ ಬೇರೆಬೇರೆ ಅಳೆದು, ಬಂದಿದ್ದಕ್ಕಿಂತ ಸ್ವಲ್ಪ ಕಮ್ಮಿನೇ ಹಾಕು. 78.5ರಿಂದ 93.5 ಅಂದ್ರೆ 15 ಡಿಗ್ರಿ ಅನ್ಸತ್ತೆ, ಆದ್ರೆ ನಾವು ನಿಂತಿರೋದು ಭೂಮಿ ಮೇಲ್ಗಡೆ, ನಡುಮಧ್ಯ ಅಲ್ಲ, ಹಂಗಾಗಿ ಮೋಟರ್ ಹದಿನೇಳೂವರೆ ಹತ್ರ ತಿರುಗತ್ತೆ.

ಎಲ್‌ಎನ್‌ಬಿ ಮುಟ್ಬೇಡ. ಮೋಟರ್ ಸೊನ್ನೆಲಿದ್ದಾಗ ನೆಟ್ಟಗೆ ಕೂರ್ಸಿದ್ರೆ ಸಾಕು, ಡಿಶ್ ವಾಲ್ದಾಗ ಅದೂ ಜೊತೆಗೇ ವಾಲತ್ತೆ. ಪ್ರತಿ ಸ್ಯಾಟಲೈಟ್‌ಗೂ ತಿರುಗಿಸೋದು ಫಿಕ್ಸ್ ಡಿಶ್ ಇರೋರಿಗೆ.

ಬಂಗಾರಪೇಟೆ ಕೇಬಲ್:
ಮೇಲಿನವ್ರು ಹೇಳಿದ್ದು ಕರೆಕ್ಟು, ಆದ್ರೆ ಕೇಬಲ್ ಯಾವ್ದು ಅಂತ ಯಾರೂ ಕೇಳ್ಲಿಲ್ಲ. ಅಂಗಡಿಲಿ ಸಿಗೋ ಅಗ್ಗದ ಆರ್‌ಜಿ 6 ಡಿಶ್ ಕೇಬಲ್‌ನಲ್ಲಿ ಒಳಗಿನ ತಂತಿ ಕಬ್ಬಿಣದ್ದು, ಮೇಲೆ ತಾಮ್ರದ ಬಣ್ಣ ಅಷ್ಟೇ ಅನ್ನಿ. ಅಯಸ್ಕಾಂತ ಹಿಡಿದ್ರೆ ಗೊತ್ತಾಗತ್ತೆ. ಉದ್ದ ಜಾಸ್ತಿ ಆಗಿ ಮೋಟರ್ ಕರೆಂಟ್ ಎಳೆದಾಗ 18 ಕಳಿಸಿದ್ರೂ ಮೇಲೆ ಅಷ್ಟು ತಲುಪಲ್ಲ, 15ರ ಸುತ್ತಮುತ್ತಕ್ಕೆ ಇಳಿದ್ರೆ ಎಲ್‌ಎನ್‌ಬಿ ವರ್ಟಿಕಲ್ ಅಂದ್ಕೊಳತ್ತೆ. ತಾಮ್ರದ್ದೇ ಹಾಕಿ, ದುಡ್ಡು ಜಾಸ್ತಿ ಆದ್ರೂ ಪರವಾಗಿಲ್ಲ. ಕೆಲವು ಬಾಕ್ಸ್‌ನಲ್ಲಿ ತಿರುಗುವಾಗ ಯಾವಾಗ್ಲೂ 18 ಕೊಡೋ ಆಪ್ಷನ್ ಇರತ್ತೆ, ನಿಮ್ದರಲ್ಲಿ ಇದ್ಯಾ ನೋಡಿ.

ಮಾಲೂರ್ ಹುಡುಗ:
ಅಣ್ಣ ವರ್ಟಿಕಲ್ ನಂಬರ್ ಇಳಿಸ್ದೆ, ಈಗ ತಲುಪೋವರ್ಗೂ ಕಾಯತ್ತೆ. ಅಯಸ್ಕಾಂತ ಕೇಬಲ್‌ಗೆ ಅಂಟ್ಕೊಳ್ತು, ಬದಲಾಯಿಸ್ಲೇಬೇಕು. ಆದ್ರೆ 93.5ರಲ್ಲಿ ಕ್ವಾಲಿಟಿ 78.5ರಷ್ಟು ಇಲ್ಲ, ಮೋಟರ್‌ನ ನೇರ ದಕ್ಷಿಣಕ್ಕೆ ಕೂರ್ಸಿದ್ದು ಸರಿ ಇಲ್ವೇನೋ. ಮಧ್ಯಾಹ್ನ 12ಕ್ಕೆ ನೆರಳು ನೋಡಿ ಇಟ್ಟಿದ್ದು.

ಡಿಶ್ ಅಣ್ಣ, ಕೋಲಾರ:
12ಕ್ಕೆ ಅಲ್ಲ ಮಾರಾಯ, ನಮ್ ಕಡೆ ಸೂರ್ಯ ನೆತ್ತಿಗೆ ಬರೋದು ಸರಾಸರಿ 12:18ಕ್ಕೆ, ಅದೂ ತಿಂಗಳಿಗೊಂದು ಥರ, ಏಪ್ರಿಲ್ ಕೊನೇಲಂತೂ ಆ ಹೊತ್ತಿಗೆ ನೆರಳೇ ಸಿಗಲ್ಲ. ಯೂಸಾಲ್ಸ್‌ನಲ್ಲಿ ರೇಖಾಂಶ 77.9 ಪೂರ್ವ, ಅಕ್ಷಾಂಶ 13.0 ಉತ್ತರ ಇದ್ಯಾ ನೋಡು, ಪೂರ್ವ ಬದಲು ಪಶ್ಚಿಮ ಅಂತ ಇರ್ಬಾರ್ದು. ಮಾಲೂರಿಗೆ 78.5 ಹೆಚ್ಚುಕಮ್ಮಿ ನೇರ ದಕ್ಷಿಣಕ್ಕೇ ಬರತ್ತೆ, ಅಲ್ಲಿಗೆ ಕಳಿಸಿ ಕಂಬದ ಬೋಲ್ಟ್ ಸಡಿಲ ಮಾಡಿ ಮೋಟರ್ ಸಮೇತ ಪೂರ್ತಿ ತಿರುಗಿಸಿ ಕ್ವಾಲಿಟಿ ಹಿಡಿ. ಆಮೇಲೆ 93.5ಕ್ಕೆ ಕಳ್ಸಿ ಡಿಶ್‌ನ ಕೈಯಲ್ಲಿ ಮೆಲ್ಲಗೆ ಮೇಲಕ್ಕೆ ಕೆಳಕ್ಕೆ ಒತ್ತಿ ನೋಡು, ಯಾವ ಕಡೆ ಒತ್ತಿದಾಗ ಕ್ವಾಲಿಟಿ ಏರತ್ತೆ ಅಂತ ಇಲ್ಲಿ ಹಾಕು. ಮೊದ್ಲು ಕಂಬ ನೆಟ್ಟಗಿದ್ಯಾ ಅಂತ ಲೆವೆಲ್ ಇಟ್ಟು ನೋಡ್ಬಿಡು.