ಜೀವದ ಹುಟ್ಟಿನಲ್ಲಿ ದೇವರ ಕೈವಾಡಕ್ಕೆ ವಿಜ್ಞಾನದ ಪುರಾವೆ ಇದೆಯೇ? ಜೀವರಸಾಯನ ಪ್ರಾಧ್ಯಾಪಕರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಶಿವಮೊಗ್ಗದ ಸದಸ್ಯೆ): ಸರ್, ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಒಂದು ವಿಡಿಯೊ ಓಡಾಡ್ತಿದೆ. ನೂರು ಅಮೈನೊ ಆಮ್ಲಗಳ ಒಂದು ಪುಟ್ಟ ಪ್ರೋಟೀನು ತಾನಾಗಿ ಕೂಡಿಕೊಳ್ಳಬೇಕಾದರೆ, 1ರ ಮುಂದೆ 130 ಸೊನ್ನೆ ಹಾಕಿದಷ್ಟು ಸಲ ಪ್ರಯತ್ನಿಸಬೇಕಂತೆ. ವಿಶ್ವದಲ್ಲಿರುವ ಪರಮಾಣುಗಳೇ ಅಷ್ಟಿಲ್ಲ, ಆದ್ದರಿಂದ ಸೃಷ್ಟಿಕರ್ತ ಇರುವುದು ವೈಜ್ಞಾನಿಕವಾಗಿ ಸಾಬೀತಾಯ್ತು ಅನ್ನೋದು ವಾದ. ಪಿಯುಸಿ ಓದೋ ಮಗಳು ಲೆಕ್ಕ ಹಾಕಿ ನೋಡಿ ‘ಸರಿಯಾಗೇ ಇದೆಯಮ್ಮ’ ಅಂದಳು. ನಾನು ದಿನಾ ಪೂಜೆ ಮಾಡೋಳೇ, ಜಗಳಕ್ಕೆ ಕೇಳ್ತಿಲ್ಲ. ಈ ಲೆಕ್ಕ ನಿಲ್ಲುತ್ತಾ?

ಉತ್ತರ: ಮಗಳ ಗುಣಾಕಾರ ಸರಿ. 20 ಬಗೆಯ ಅಮೈನೊ ಆಮ್ಲ, 100 ಜಾಗ. ಅಷ್ಟೇ ಸೊನ್ನೆ ಬರುತ್ತವೆ. ಆದರೆ ಆ ಲೆಕ್ಕದೊಳಗೆ ಸದ್ದಿಲ್ಲದೆ ಮೂರು ಊಹೆಗಳು ಕೂತಿವೆ: ಒಂದೇ ಒಂದು ಜೋಡಣೆ ಮಾತ್ರ ಉಪಯೋಗಕ್ಕೆ ಬರುತ್ತದೆ, ಅದು ಒಂದೇ ಏಟಿಗೆ ಆಗಬೇಕು, ಜೀವ ಪ್ರೋಟೀನಿನಿಂದಲೇ ಶುರುವಾಗಬೇಕು.

ಮೊದಲ ಊಹೆಯನ್ನು ಪ್ರಯೋಗಶಾಲೆಯಲ್ಲೇ ಪರೀಕ್ಷಿಸಿದ್ದಾರೆ. 2001ರಲ್ಲಿ ಆಂಥೊನಿ ಕೀಫ್ ಮತ್ತು ಜ್ಯಾಕ್ ಶಾಸ್ಟಕ್ ತಲಾ 80 ಅಮೈನೊ ಆಮ್ಲಗಳ, ಯಾವ ಯೋಜನೆಯೂ ಇಲ್ಲದೆ ಹೆಣೆದ ಸುಮಾರು 6 ಲಕ್ಷ ಕೋಟಿ ಪ್ರೋಟೀನುಗಳನ್ನು ತಯಾರಿಸಿದರು. ಅದರಲ್ಲಿ ಜೀವಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿ ಎಂಬ ಅಣುವನ್ನು ಹಿಡಿದುಕೊಳ್ಳಬಲ್ಲವು ಯಾವುವಾದರೂ ಇವೆಯೇ ಎಂದು ಸೋಸಿದರು. ಒಂದಕ್ಕೊಂದು ಸಂಬಂಧವೇ ಇಲ್ಲದ ನಾಲ್ಕು ಕುಟುಂಬಗಳು ಸಿಕ್ಕವು. ಸೋಸುವಾಗ ಹೆಚ್ಚಿನವು ಕಳೆದುಹೋಗುತ್ತವೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಂಡು ಅವರ ಅಂದಾಜು: 10,000 ಕೋಟಿಗೆ ಒಂದು. ವಿರಳ ನಿಜ. ಆದರೆ 130 ಸೊನ್ನೆ ಎಲ್ಲಿ, 11 ಸೊನ್ನೆ ಎಲ್ಲಿ! ಒಂದು ಪ್ರನಾಳದೊಳಗೆ ಮುಗಿಯುವ ಕೆಲಸಕ್ಕೆ ವಿಶ್ವದ ಪರಮಾಣುಗಳನ್ನೆಲ್ಲ ಎಣಿಸಬೇಕಾಗಿಲ್ಲ. ಇದು ಎಟಿಪಿ ಹಿಡಿಯುವ ಒಂದು ಕೆಲಸದ ಲೆಕ್ಕ ಮಾತ್ರ. ಎಲ್ಲ ಕಿಣ್ವಗಳಿಗೂ (ಜೀವಕೋಶದ ರಾಸಾಯನಿಕ ಕ್ರಿಯೆಗಳನ್ನು ಚುರುಕುಗೊಳಿಸುವ ಪ್ರೋಟೀನುಗಳಿಗೂ) ಇದೇ ಸಂಖ್ಯೆ ಎಂದು ನಾನು ಹೇಳುತ್ತಿಲ್ಲ.

ಎರಡನೆಯ ಊಹೆಯನ್ನು ಜೀವವಿಜ್ಞಾನಿ ಯಾರೂ ಒಪ್ಪುವುದಿಲ್ಲ. ನಕಲು ಮಾಡಿಕೊಳ್ಳಬಲ್ಲ ಅಣು ಒಂದು ಬಂದಮೇಲೆ, ಚೆನ್ನಾಗಿ ನಕಲಾಗುವವೇ ಹೆಚ್ಚುವ ಆಯ್ಕೆ ಶುರುವಾಗುತ್ತದೆ, ಹಿಂದಿನ ಗಳಿಕೆ ಮುಂದಿನ ಸುತ್ತಿಗೆ ಉಳಿಯುತ್ತದೆ. ಮೂರನೆಯದಕ್ಕೆ ಕೊನೆಯಲ್ಲಿ ಬರುತ್ತೇನೆ.

ಇಂಥ ಲೆಕ್ಕವನ್ನು ಜನಪ್ರಿಯಗೊಳಿಸಿದವರು ಬ್ರಿಟನ್ನಿನ ಖಗೋಳವಿಜ್ಞಾನಿ ಫ್ರೆಡ್ ಹೋಯ್ಲ್. 2,000 ಕಿಣ್ವಗಳು, ಒಂದೊಂದಕ್ಕೂ 20 ಸೊನ್ನೆ, ಒಟ್ಟು 40,000 ಸೊನ್ನೆ ಎಂದರು. ಗುಜರಿ ಅಂಗಳದ ಮೇಲೆ ಸುಂಟರಗಾಳಿ ಬೀಸಿ ಬೋಯಿಂಗ್ 747 ಜೋಡಣೆಯಾದಂತೆ ಎಂಬ ಮಾತೂ ಅವರದೇ. ವಿಡಿಯೊ ಮಾಡಿದವರು ಹೇಳದೇ ಬಿಡುವ ಸಂಗತಿಯೆಂದರೆ, ಹೋಯ್ಲ್ ಈ ಲೆಕ್ಕ ಹಾಕಿದ್ದು ಧರ್ಮಗ್ರಂಥದ ಸೃಷ್ಟಿಯನ್ನು ಸಮರ್ಥಿಸಲಿಕ್ಕಲ್ಲ. ಜೀವದ ಬೀಜ ಬಾಹ್ಯಾಕಾಶದಿಂದ ಬಂತು ಎಂಬ ತಮ್ಮ ವಾದಕ್ಕೆ ದಾರಿ ಮಾಡಲು. ಅವರ ಜೊತೆಗಾರ, ಶ್ರೀಲಂಕಾದಲ್ಲಿ ಹುಟ್ಟಿದ ಚಂದ್ರ ವಿಕ್ರಮಸಿಂಘೆ, 1981ರಲ್ಲಿ ಅಮೆರಿಕದ ಅರ್ಕಾನ್ಸಾ ಮೊಕದ್ದಮೆಯಲ್ಲಿ ಶಾಲೆಗಳಲ್ಲಿ ಸೃಷ್ಟಿವಾದ (ಜೀವಿಗಳನ್ನು ದೇವರೇ ನೇರವಾಗಿ ಸೃಷ್ಟಿಸಿದ ಎಂಬ ವಾದ) ಕಲಿಸುವ ಕಾನೂನಿನ ಪರವಾಗಿಯೇ ಸಾಕ್ಷಿ ಹೇಳಿದರು. ಆದರೂ 1982ರ ಜನವರಿಯಲ್ಲಿ ಆ ಕಾನೂನು ಬಿದ್ದುಹೋಯಿತು.

ಪ್ರಶ್ನೆ (ಎಂಜಿನಿಯರ್, ಬೆಂಗಳೂರು): ಪ್ರೋಟೀನ್ ಬಿಡಿ ಸರ್. ಬ್ಯಾಕ್ಟೀರಿಯಾದ ಬಾಲ ನೋಡಿದ್ದೀರಲ್ಲ, ಮೋಟಾರು, ಶಾಫ್ಟು, ಬೇರಿಂಗು ಎಲ್ಲ ಇದೆ. ಒಂದು ಬಿಡಿಭಾಗ ತೆಗೆದರೂ ನಿಂತುಹೋಗುತ್ತೆ. ಮೆಟ್ಟಿಲು ಮೆಟ್ಟಿಲಾಗಿ ಹೇಗೆ ಬಂತು? ಡಿಸೈನ್ ಅಂದ್ರೆ ಡಿಸೈನೇ ಅಲ್ವಾ?

ಉತ್ತರ: ಸೃಷ್ಟಿವಾದದ ಕಡೆಯಿಂದ ಬಂದಿರುವುದರಲ್ಲಿ ಇದು ತಕ್ಕಮಟ್ಟಿಗೆ ಗಟ್ಟಿಯಾದ ವಾದ ಎಂದೇ ನನ್ನ ಅಭಿಪ್ರಾಯ. ಯಾಕೆಂದರೆ ಇದನ್ನು ಪರೀಕ್ಷಿಸಬಹುದು. 1996ರಲ್ಲಿ ಮುಂದಿಟ್ಟವರು ಮೈಕಲ್ ಬೀಹಿ, ನಮ್ಮಂತೆಯೇ ಜೀವರಸಾಯನದವರು.

ಪರೀಕ್ಷಿಸಿದರೆ ಕಾಣುವುದಿಷ್ಟು. ಪ್ಲೇಗ್ ತರುವ ಯೆರ್ಸೀನಿಯಾ ಬ್ಯಾಕ್ಟೀರಿಯಾ ನಮ್ಮ ಜೀವಕೋಶಕ್ಕೆ ವಿಷ ಚುಚ್ಚಲು ಸೂಜಿಯಂಥ ಒಂದು ಸಲಕರಣೆ ಬಳಸುತ್ತದೆ. ಅದರ ಬುಡದ ಪ್ರೋಟೀನುಗಳು ಈ ಮೋಟಾರಿನ ಬುಡದ ಪ್ರೋಟೀನುಗಳ ನೆಂಟರು. ಸೂಜಿಗೆ ತಿರುಗುವ ಬಾಲ ಇಲ್ಲ, ಆದರೂ ತನ್ನ ಕೆಲಸ ಮಾಡುತ್ತದೆ. ಅಂದರೆ ಭಾಗಗಳು ಕಡಿಮೆಯಿದ್ದರೆ ಬೇರೆ ಕೆಲಸ, ಹೆಚ್ಚಾದರೆ ಹೊಸ ಕೆಲಸ. ಸೂಜಿಯಿಂದ ಮೋಟಾರು ಬಂತು ಎಂದು ಇದರರ್ಥವಲ್ಲ. ಸೂಜಿಯೇ ಆಮೇಲಿನದು ಎನ್ನಲು ಒಳ್ಳೆಯ ಕಾರಣಗಳಿವೆ. ಆದರೆ ‘ಒಂದು ತೆಗೆದರೆ ಉಳಿದದ್ದೆಲ್ಲ ವ್ಯರ್ಥ’ ಎಂಬ ಮಾತು ನಿಲ್ಲುವುದಿಲ್ಲ. ಇನ್ನು, ಕಲ್ಲಿನ ಕಮಾನಿನಿಂದ ಒಂದು ಕಲ್ಲು ಕಿತ್ತರೆ ಬೀಳುತ್ತದೆ, ನಿಜ. ಕಟ್ಟುವಾಗ ಕೆಳಗೆ ಕೊಟ್ಟಿದ್ದ ಆಸರೆಯನ್ನು ಆಮೇಲೆ ತೆಗೆದಿರುತ್ತಾರೆ. ಇವತ್ತು ಅನಿವಾರ್ಯವಾದದ್ದು ಮೊದಲಿನಿಂದಲೂ ಅನಿವಾರ್ಯವಾಗಿರಬೇಕೆಂದಿಲ್ಲ.

ಅಮೆರಿಕದ ಪೆನ್ಸಿಲ್ವೇನಿಯಾದ ಡೋವರ್ ಶಾಲೆಯಲ್ಲಿ ಈ ‘ಡಿಸೈನ್’ ವಾದವನ್ನು ಪಾಠದೊಳಗೆ ತಂದದ್ದರ ವಿರುದ್ಧದ ಮೊಕದ್ದಮೆಯಲ್ಲಿ ಈ ಬಾಲ ಕೋರ್ಟಿನ ಕಟಕಟೆಯನ್ನೂ ಹತ್ತಿತು! ‘ವೈಜ್ಞಾನಿಕ ಸಿದ್ಧಾಂತ’ಕ್ಕೆ ತಾವು ಕೊಟ್ಟ ವ್ಯಾಖ್ಯೆಯ ಪ್ರಕಾರ ಜ್ಯೋತಿಷವೂ ಅದರಲ್ಲಿ ಸೇರುತ್ತದೆ ಎಂದು ಪಾಟಿಸವಾಲಿನಲ್ಲಿ ಬೀಹಿ ಒಪ್ಪಿಕೊಂಡರು. 2005ರ ಡಿಸೆಂಬರ್ 20ರಂದು ನ್ಯಾಯಾಧೀಶ ಜಾನ್ ಜೋನ್ಸ್ ‘ಇದು ವಿಜ್ಞಾನವಲ್ಲ’ ಎಂದು ಬರೆದರು. ಅವರನ್ನು ನೇಮಿಸಿದ್ದು ಆಸ್ತಿಕರೇ ಆದ ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್. ಬೀಹಿಯ ವಾದಕ್ಕೆ ಎದುರಾಗಿ ಸಾಕ್ಷಿ ಹೇಳಿದ ಕೆನೆತ್ ಮಿಲ್ಲರ್ ಆಸ್ತಿಕ ಕ್ಯಾಥೊಲಿಕ್. ಆಸ್ತಿಕರು ಒಂದು ಕಡೆ, ನಾಸ್ತಿಕರು ಇನ್ನೊಂದು ಕಡೆ ಎಂದು ಇದನ್ನು ನೋಡಿದರೆ ಲೆಕ್ಕ ತಪ್ಪುತ್ತದೆ.

ಪ್ರಶ್ನೆ: ಉಷ್ಣಬಲ ವಿಜ್ಞಾನದ ಎರಡನೇ ನಿಯಮ? ಅವ್ಯವಸ್ಥೆ ಹೆಚ್ಚಾಗಲೇಬೇಕಲ್ಲ?

ಉತ್ತರ: ಹೊರಗಿನಿಂದ ಶಕ್ತಿ ಬಾರದ, ಮುಚ್ಚಿದ ವ್ಯವಸ್ಥೆಗೆ ಆ ಮಾತು. ಭೂಮಿಗೆ ಸೂರ್ಯನಿದ್ದಾನೆ. ಈ ವಾದ ನಿಜವಾಗಿದ್ದರೆ ಭತ್ತದ ಕಾಳು ಮೊಳೆಯಲೂ ಬಾರದು. ಮುಂದಿನದು.

ಪ್ರಶ್ನೆ (ನಿವೃತ್ತ ಶಿಕ್ಷಕರು, ಧಾರವಾಡ): ಸೂಕ್ಷ್ಮಜೀವಿ ವಿಕಾಸ ಆಗಿರಲಿ. ಮನುಷ್ಯನನ್ನು ಮಾತ್ರ ಭಗವಂತ ಪ್ರತ್ಯೇಕವಾಗಿ ಮಾಡಿರಬಾರದೇಕೆ? ಕೋತಿ ಮನುಷ್ಯ ಆಗಿದ್ದನ್ನು ಯಾರೂ ನೋಡಿಲ್ಲ ಎಂದು 2018ರಲ್ಲಿ ಕೇಂದ್ರ ಸಚಿವರೊಬ್ಬರೂ ಹೇಳಿದ್ದರಲ್ಲ. ನಮ್ಮ ದಶಾವತಾರದಲ್ಲೇ ವಿಕಾಸವಾದ ಇದೆ ಅಂತಲೂ ಅಂತಾರೆ.

ಉತ್ತರ: ಮೇಷ್ಟ್ರೇ, ಸಚಿವರ ಆ ಮಾತಿಗೆ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಜಂಟಿಯಾಗಿ ಉತ್ತರ ಕೊಟ್ಟವು, ಅದರಲ್ಲೊಂದು ನಮ್ಮ ಬೆಂಗಳೂರಿನದೇ. ಯಾರೂ ನೋಡಿರಬೇಕಾಗಿಲ್ಲ, ದೇಹದಲ್ಲಿ ದಾಖಲೆ ಉಳಿದಿದೆ.

ಚಿಂಪಾಂಜಿ, ಗೊರಿಲ್ಲ, ಒರಾಂಗುಟಾನ್‌ಗಳಿಗೆ 48 ವರ್ಣತಂತು, ನಮಗೆ 46. ಸಂಬಂಧಿಗಳಾದರೆ ಒಂದು ಜೋಡಿ ಎಲ್ಲಿ ಹೋಯಿತು? ಎರಡು ವರ್ಣತಂತುಗಳು ತುದಿಗೆ ತುದಿ ಬೆಸೆದಿದ್ದರೆ, ತುದಿಯಲ್ಲಿ ಮಾತ್ರ ಇರಬೇಕಾದ ಟೆಲೊಮಿಯರ್ ಸರಣಿ ಒಂದರ ಮಧ್ಯದಲ್ಲಿ, ಮುಖಾಮುಖಿಯಾಗಿ ಸಿಗಬೇಕು. 1991ರಲ್ಲಿ ನಮ್ಮ ಎರಡನೇ ವರ್ಣತಂತುವಿನಲ್ಲಿ ಅದು ಹಾಗೆಯೇ ಸಿಕ್ಕಿತು. ಒಂದು ವರ್ಣತಂತುವಿಗೆ ಒಂದೇ ಇರಬೇಕಾದ ಸೆಂಟ್ರೊಮಿಯರ್ ಎಂಬ ನಡುಗಂಟಿನ, ಕೆಲಸ ನಿಲ್ಲಿಸಿದ ಇನ್ನೊಂದರ ಗುರುತೂ ಇದೆ. ಇನ್ನೊಂದು ಸಾಕ್ಷ್ಯ ವಿಟಮಿನ್ ಸಿ. ಅದನ್ನು ತಯಾರಿಸುವ ಕೊನೆಯ ಕಿಣ್ವದ ಜೀನು ನಮ್ಮಲ್ಲಿದೆ, ಆದರೆ ಮುರಿದುಬಿದ್ದಿದೆ. ಕೋತಿ, ವಾನರಗಳಲ್ಲೂ ಅದೇ ಜೀನು ಕೆಟ್ಟಿದೆ. ನೆಲ್ಲಿಕಾಯಿ, ನಿಂಬೆಹಣ್ಣು ನಮಗೆ ಬೇಕಾಗಿರುವುದು ಅದಕ್ಕೇ. ಪ್ರತ್ಯೇಕವಾಗಿ ಮಾಡುವವನು ಕೆಟ್ಟ ಜೀನನ್ನೂ ಯಾಕೆ ಜೊತೆಗಿಟ್ಟ ಎಂಬ ಪ್ರಶ್ನೆಗೆ ಸೃಷ್ಟಿವಾದಿಗಳಿಂದ ಸಮಾಧಾನವಾಗುವ ಉತ್ತರವನ್ನು ನಾನು ಕೇಳಿಲ್ಲ.

ದಶಾವತಾರದ ಬಗ್ಗೆ: ಮತ್ಸ್ಯ, ಕೂರ್ಮ, ವರಾಹ ಎಂಬ ಸಾಲು ಕೇಳಲು ಚೆಂದ. ಆದರೆ ಹಂದಿ ನಮ್ಮ ಪೂರ್ವಜನಲ್ಲ, ದೂರದ ದಾಯಾದಿ. ಪರಶುರಾಮ, ರಾಮ, ಕೃಷ್ಣರು ಬೇರೆ ಬೇರೆ ಪ್ರಭೇದಗಳೂ ಅಲ್ಲ. ಪುರಾಣವನ್ನು ಜೀವವಿಜ್ಞಾನದ ಪರೀಕ್ಷೆಗೆ ಕೂರಿಸಿದರೆ ಫೇಲಾಗುವುದು ಪುರಾಣವೇ. ಆ ಅವಮಾನ ಅದಕ್ಕೇಕೆ? ಅದಕ್ಕಿಂತ ಋಗ್ವೇದದ ನಾಸದೀಯ ಸೂಕ್ತ ಓದಿ. ಸೃಷ್ಟಿ ಎಲ್ಲಿಂದ ಬಂತೆಂದು ಮೇಲಿರುವ ಅಧ್ಯಕ್ಷನಿಗೆ ಗೊತ್ತಿರಬಹುದು, ಅಥವಾ ಅವನಿಗೂ ಗೊತ್ತಿಲ್ಲದಿರಬಹುದು ಎಂದು ಅದು ನಿಲ್ಲಿಸುತ್ತದೆ.

ಪ್ರಶ್ನೆ (ಶಿವಮೊಗ್ಗದ ಸದಸ್ಯೆ): ಹಾಗಾದ್ರೆ ಮೊದಲ ಜೀವ ಹೇಗೆ ಬಂತು ಅಂತ ವಿಜ್ಞಾನಕ್ಕೆ ಗೊತ್ತಾ?

ಉತ್ತರ: ಪೂರ್ತಿ ಗೊತ್ತಿಲ್ಲ. ಜೀವ ಕಟ್ಟುವ ಇಟ್ಟಿಗೆಗಳು, ಅಂದರೆ ಅಮೈನೊ ಆಮ್ಲದಂಥ ಅಣುಗಳು ಎಲ್ಲಿಂದ ಬಂದವು ಎಂಬ ಸಮಸ್ಯೆ ಬಹುಮಟ್ಟಿಗೆ ಬಗೆಹರಿದಿದೆ. 1953ರಲ್ಲಿ ಸ್ಟ್ಯಾನ್ಲಿ ಮಿಲ್ಲರ್ ನೀರು, ಮೀಥೇನ್, ಅಮೋನಿಯಾ, ಹೈಡ್ರೋಜನ್ ತುಂಬಿದ ಗಾಜಿನ ಪಾತ್ರೆಗೆ ವಿದ್ಯುತ್ ಕಿಡಿ ಹಾಯಿಸಿ ಅಮೈನೊ ಆಮ್ಲ ಪಡೆದರು. ಆಗಿನ ಭೂಮಿಯ ವಾತಾವರಣ ಹಾಗಿರಲಿಲ್ಲ ಎಂಬ ಸೃಷ್ಟಿವಾದಿಗಳ ಆಕ್ಷೇಪದಲ್ಲಿ ಹುರುಳಿದೆ. ಆದರೆ 1969ರಲ್ಲಿ ಆಸ್ಟ್ರೇಲಿಯಾದ ಮರ್ಚಿಸನ್‌ನಲ್ಲಿ ಬಿದ್ದ ಉಲ್ಕಾಶಿಲೆಯಲ್ಲಿ 70ಕ್ಕೂ ಹೆಚ್ಚು ಬಗೆಯ ಅಮೈನೊ ಆಮ್ಲಗಳಿದ್ದವು. ‘ಬೆನ್ನು’ ಎಂಬ ಕ್ಷುದ್ರಗ್ರಹದಿಂದ ನಾಸಾ 2023ರಲ್ಲಿ ತಂದ ಮಣ್ಣಿನಲ್ಲಿ ಜೀವ ಬಳಸುವ 20 ಅಮೈನೊ ಆಮ್ಲಗಳಲ್ಲಿ 14, ಜೊತೆಗೆ ಆನುವಂಶಿಕ ಮಾಹಿತಿ ಹೊರುವ ಡಿಎನ್‌ಎ ಮತ್ತು ಅದರ ನೆಂಟ ಆರ್‌ಎನ್‌ಎಗಳಲ್ಲಿ ಅಕ್ಷರಗಳಂತಿರುವ ಐದೂ ಪ್ರತ್ಯಾಮ್ಲಗಳು ಸಿಕ್ಕಿವೆ.

ಈಗ ಆ ಮೂರನೆಯ ಊಹೆ. ಪ್ರೋಟೀನಿಗಿಂತ ಮೊದಲು ಆರ್‌ಎನ್‌ಎ ಇತ್ತು ಎಂದು ಈ ಕ್ಷೇತ್ರದ ಬಹುಪಾಲು ಜನ ಭಾವಿಸುತ್ತಾರೆ, ಯಾಕೆಂದರೆ ಅದು ಮಾಹಿತಿಯನ್ನೂ ಹೊರುತ್ತದೆ, ಕಿಣ್ವದ ಕೆಲಸವನ್ನೂ ಮಾಡುತ್ತದೆ. 2009ರಲ್ಲಿ ಬ್ರಿಟನ್ನಿನ ರಸಾಯನವಿಜ್ಞಾನಿ ಜಾನ್ ಸದರ್ಲೆಂಡ್ ತಂಡ ಸರಳ ರಾಸಾಯನಿಕಗಳಿಂದ ಆರ್‌ಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಎರಡನ್ನು ತಯಾರಿಸಿತು. ಅದೇ ವರ್ಷ ಅಮೆರಿಕದ ವಿಜ್ಞಾನಿಗಳಾದ ಲಿಂಕನ್ ಮತ್ತು ಜಾಯ್ಸ್ ಪರಸ್ಪರ ನಕಲು ಮಾಡಿಕೊಳ್ಳುತ್ತ ಹೋಗುವ ಎರಡು ಆರ್‌ಎನ್‌ಎಗಳನ್ನು ತೋರಿಸಿದರು. ಆದರೆ ಅವಕ್ಕೆ ಬೇಕಾದ ತುಂಡುಗಳನ್ನು ವಿಜ್ಞಾನಿಗಳೇ ತಯಾರಿಸಿ ಕೊಟ್ಟಿದ್ದರು. ಎಡಗೈ ಬಲಗೈಯಂತೆ ಕನ್ನಡಿಬಿಂಬದ ಎರಡು ರೂಪಗಳಲ್ಲಿರುವ ಅಮೈನೊ ಆಮ್ಲಗಳಲ್ಲಿ ಎಡಗೈಯವೇ ಯಾಕೆ ಉಳಿದವು, ಡಿಎನ್‌ಎಯ ಅಕ್ಷರಗಳನ್ನು ಅಮೈನೊ ಆಮ್ಲಗಳಿಗೆ ಹೊಂದಿಸುವ ಜೆನೆಟಿಕ್ ಸಂಕೇತ ಹೇಗೆ ನೆಲೆನಿಂತಿತು ಎಂಬುವು ಇನ್ನೂ ಬಿಡಿಸದ ಗಂಟುಗಳು.

ಆ ಜಾಗದಲ್ಲಿ ದೇವರನ್ನು ಕೂರಿಸಬೇಡಿ ಎಂದು ನಾನು ಹೇಳುವುದು ದೇವರ ಮೇಲಿನ ಸಿಟ್ಟಿನಿಂದಲ್ಲ. 1952ರಲ್ಲಿ ಈ ವಾದ ಮಾಡಿದ್ದರೆ ಅಮೈನೊ ಆಮ್ಲವೂ ಅವನ ಪಾಲಿನ ಪುರಾವೆಯಾಗಿರುತ್ತಿತ್ತು, ಮರುವರ್ಷವೇ ಕೈತಪ್ಪುತ್ತಿತ್ತು. ನಿಮ್ಮ ಪೂಜೆಗೆ ಆ ವಿಡಿಯೊದ ಆಧಾರ ಬೇಕಿಲ್ಲ. ಮಗಳಿಗೆ ಕೀಫ್, ಶಾಸ್ಟಕ್ ಪ್ರಯೋಗದ ಲೆಕ್ಕ ಮಾಡಲು ಹೇಳಿ: 6 ಲಕ್ಷ ಕೋಟಿಯನ್ನು 10,000 ಕೋಟಿಯಿಂದ ಭಾಗಿಸಿದರೆ ಎಷ್ಟು ಸಿಗಬೇಕು ಅಂತ.

ಶಿವಮೊಗ್ಗದ ಸದಸ್ಯೆ: ಅರವತ್ತು ಅಂತೆ ಸರ್. ಉತ್ತರ ಫ್ಯಾಮಿಲಿ ಗ್ರೂಪಿಗೆ ಹಾಕ್ತೀನಿ, ಆದ್ರೆ ಯುಗಾದಿ ಊಟ ಮುಗಿದ ಮೇಲೆ.