ಮಗಳು ಶಾಲೆಗೆ ಹೊರಟಳು, ಈಗ ನನಗೆ ಯಾವ ಕೆಲಸ?

ಕೊಪ್ಪಳದ ತಾಯಿಯೊಬ್ಬರ ಪ್ರಶ್ನೆ: ಬೆಂಗಳೂರಿನಲ್ಲಿ 7 ವರ್ಷ ಅಕೌಂಟ್ಸ್ ಕೆಲಸ ಮಾಡಿದೆ. ಮಗಳು ಹುಟ್ಟಿದ ಮೇಲೆ ಬಿಟ್ಟು ಊರಿಗೆ ಬಂದೆ. ಈಗ ಅವಳು ಎಲ್‌ಕೆಜಿ. ಮತ್ತೆ ಅದೇ ಕೆಲಸಕ್ಕೆ ಮನಸ್ಸಿಲ್ಲ. ನಾಲ್ಕು ಜನಕ್ಕೆ ಉಪಯೋಗ ಆಗುವಂಥದ್ದು ಇಲ್ಲೇ ಸಿಗುತ್ತಾ? ಅನುಭವ ಇದ್ದವರು ಹೇಳಿ.

ಸಿಂಧನೂರಿನಿಂದ: ತಂಗಿ, ನಾನು ಒಂದು ಫೈನಾನ್ಸ್ ಕಂಪನಿಯಲ್ಲಿದ್ದೆ. ಹೆರಿಗೆ ರಜೆ ಮುಗಿಸಿ ಹೋದಾಗ ನನ್ನ ಕುರ್ಚಿಯಲ್ಲಿ ಬೇರೆಯವರು ಕೂತಿದ್ದರು. ಆ ನೋವು ಬಹಳ ದಿನ ಇತ್ತು.

ನಮ್ಮ ಓಣಿಯಲ್ಲಿ ಒಬ್ಬ ಅಕ್ಕ ಕಡಕ್ ರೊಟ್ಟಿ ಮಾಡಿ ಖಾನಾವಳಿಗಳಿಗೆ ಕೊಡುತ್ತಿದ್ದರು. ಲೆಕ್ಕವೆಲ್ಲ ಕ್ಯಾಲೆಂಡರ್ ಹಾಳೆಯ ಹಿಂದೆ, ಪೆನ್ಸಿಲ್‌ನಲ್ಲಿ. ರೊಟ್ಟಿ ಮಷಿನ್‌ಗೆ ಸಾಲ ಕೇಳಲು ಮೂರು ಸಲ ಬ್ಯಾಂಕಿಗೆ ಹೋಗಿ ಬರಿಗೈಯಲ್ಲಿ ಬಂದಿದ್ದರು. ಒಂದು ಮಧ್ಯಾಹ್ನ ಒಲೆ ಪಕ್ಕ ಕೂತು ಜೋಳ, ಬೀಸುವ ಕೂಲಿ, ಕಟ್ಟಿಗೆ, ಆಳು ಎಲ್ಲ ಬರೆದೆವು. ಒಂದು ರೊಟ್ಟಿಗೆ ಎಷ್ಟು ಬೀಳುತ್ತೆ ಅಂತ ಅವರಿಗೆ ಮೊದಲ ಸಲ ಗೊತ್ತಾಯಿತು. ಆ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಕುಪ್ಪಸದೊಳಗೆ ಇಟ್ಟುಕೊಂಡರು. ನನಗೆ ಕೆಲಸ ಸಿಕ್ಕಿದ್ದು ಅವತ್ತೇ.

ಆಮೇಲೆ ಒಂದೊಂದೇ ಕಲಿತೆ. ಸಣ್ಣ ಉದ್ಯಮಗಳಿಗೆ ಸರ್ಕಾರದ ಉದ್ಯಮ್ ನೋಂದಣಿ ಉಚಿತ, ಫೋನಿನಲ್ಲೇ ಆಗುತ್ತೆ. ಆಹಾರ ಮಾರುವವರಿಗೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಬೇಕು. ಪಿಎಂಎಫ್‌ಎಂಇ ಅಂದರೆ ಸಣ್ಣ ಆಹಾರ ಘಟಕಗಳಿಗೆ ಸಾಲದ ಜೊತೆ ಸಹಾಯಧನ ಕೊಡುವ ಯೋಜನೆ. ಅದರಲ್ಲಿ ಘಟಕದ ಖರ್ಚಿಗೆ ಕೇಂದ್ರದ ಸಹಾಯಧನ ಶೇ. 35, ಮಿತಿ 10 ಲಕ್ಷ. ನಮ್ಮದು ಅಂತ ಕನಿಷ್ಠ ಶೇ. 10 ಹಾಕಬೇಕು. ಸಹಾಯಧನ ಕೈಗೆ ಬರಲ್ಲ, ಬ್ಯಾಂಕಿನಲ್ಲೇ ಮೂರು ವರ್ಷ ಇರುತ್ತೆ. ಇದು ಗೊತ್ತಿಲ್ಲದೆ ಎಷ್ಟೋ ಹೆಂಗಸರು ಆಮೇಲೆ ಪೇಚಾಡುತ್ತಾರೆ. ಅರ್ಜಿ, ಪ್ರಾಜೆಕ್ಟ್ ರಿಪೋರ್ಟ್ ಮಾಡಿಕೊಡಲು ಜಿಲ್ಲಾ ಸಂಪನ್ಮೂಲ ವ್ಯಕ್ತಿಗಳು ಅಂತ ಇರುತ್ತಾರೆ. ಅವರಿಗೆ ಸಂಭಾವನೆ ಯೋಜನೆಯಿಂದಲೇ, ಸಾಲ ಮಂಜೂರಾದ ಲೆಕ್ಕದಲ್ಲಿ. ನಿಮ್ಮ ಅಕೌಂಟ್ಸ್ ಅನುಭವಕ್ಕೆ ಇಂಥ ಕೆಲಸ ಚೆನ್ನಾಗಿ ಹೊಂದುತ್ತೆ. ಕೃಷಿ ಇಲಾಖೆಯಲ್ಲಿ ವಿಚಾರಿಸಿ. ಆದರೆ ಮೊದಲ ಆರು ತಿಂಗಳು ದುಡ್ಡು ಕಾಣಲ್ಲ, ಅದಕ್ಕೆ ಮನೆಯವರನ್ನು ಮೊದಲೇ ಒಪ್ಪಿಸಿ.

ರಾಯಚೂರಿನಿಂದ: ನಾನು 34ನೇ ವಯಸ್ಸಿನಲ್ಲಿ ಬಿ.ಎಡ್ ಸೇರಿದೆ. ಎರಡು ವರ್ಷದ ಕೋರ್ಸು, ಚಿಕ್ಕ ಮಗು ಇಟ್ಟುಕೊಂಡು ತುಂಬಾ ಕಷ್ಟ. ಅವ್ವ ಇರದಿದ್ದರೆ ಆಗುತ್ತಿರಲಿಲ್ಲ. ಈಗ ಗಣಿತ ಹೇಳಿಕೊಡುತ್ತೇನೆ, ಮಗನಿಗೂ ನನಗೂ ರಜೆ ಒಟ್ಟಿಗೇ. ಸರ್ಕಾರಿ ನೌಕರಿ ಕಡೆ ಯೋಚನೆ ಇದ್ದರೆ 371ಜೆ (ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ ಸಂವಿಧಾನದ ವಿಧಿ) ಅರ್ಹತಾ ಪತ್ರ ಈಗಲೇ ಮಾಡಿಸಿಡಿ. ನಮ್ಮ ಭಾಗದ ಸಿ ಗುಂಪಿನ ಹುದ್ದೆಗಳಲ್ಲಿ ಶೇ. 80 ಸ್ಥಳೀಯರಿಗೆ.

ಬಳ್ಳಾರಿಯಿಂದ: ಒಂದು ಮಾತು, ಬಿಟ್ಟಿ ದುಡಿಯಬೇಡಿ. ನಾನು ಸಣ್ಣ ಜೀನ್ಸ್ ಯೂನಿಟ್‌ಗಳ ಜಿಎಸ್‌ಟಿ ನೋಡಿಕೊಳ್ಳುತ್ತೇನೆ. ಮೊದಲ ವರ್ಷ ಪರಿಚಯದವರು ಅಂತ ಸುಮ್ನೆ ಮಾಡಿಕೊಟ್ಟೆ. ರಾತ್ರಿ ಹತ್ತಕ್ಕೂ ಫೋನ್ ಬರುತ್ತಿತ್ತು. ತಿಂಗಳಿಗೆ ಇಷ್ಟು ಅಂತ ಹೇಳಿದ ಮೇಲೆ ಇಬ್ಬರು ಬಿಟ್ಟರು, ಉಳಿದವರು ಮರ್ಯಾದೆಯಿಂದ ಬಿಲ್‌ಗಳನ್ನು ಹೊತ್ತಿಗೆ ಸರಿಯಾಗಿ ತಂದುಕೊಡುತ್ತಾರೆ. ಕೆಲಸ ಹತ್ತರಿಂದ ಮೂರು, ಮಗಳ ಶಾಲೆ ಬಿಡೋ ಹೊತ್ತಿಗೆ ಗೇಟಿನ ಮುಂದೆ ಇರುತ್ತೇನೆ.

ಸಿಂಧನೂರಿನಿಂದ ಮತ್ತೆ: ಬಳ್ಳಾರಿ ಅಕ್ಕ ಹೇಳಿದ್ದು ನಿಜ. ರೊಟ್ಟಿ ಅಕ್ಕನೂ ಈಗ ನನಗೆ ತಿಂಗಳಿಗೆ ದುಡ್ಡು ಕೊಡುತ್ತಾರೆ. ತಂಗಿ, ಒಂದು ಭಾನುವಾರ ಮಗಳನ್ನೂ ಕರೆದುಕೊಂಡು ಬನ್ನಿ. 2023ರ ಜೂನ್‌ನಿಂದ ಸರ್ಕಾರಿ ಬಸ್ಸು ನಮಗೆ ಉಚಿತ ಅಲ್ವಾ. ಅವರ ಮನೆಗೆ ಹೋಗೋಣ, ಅವರ ಲೆಕ್ಕದ ಪುಸ್ತಕ ನೀವೇ ನೋಡಿ.